ಗಣಿ ಷೇರಿನ ಟಾರ್ಗೆಟ್ ಬೆಲೆ ನಂಬುವ ಮುನ್ನ ವರದಿಯ ಕೊನೆಯ ಪುಟ ತೆರೆಯಿರಿ

2022ರ ನವೆಂಬರ್‌ನಲ್ಲಿ ಚೀನಾದಲ್ಲಿ ಬ್ಯಾಟರಿಗಳ ಕಚ್ಚಾವಸ್ತುವಾದ ಲಿಥಿಯಂ ಕಾರ್ಬೊನೇಟ್ ಟನ್ನಿಗೆ ಹತ್ತಿರಹತ್ತಿರ 6 ಲಕ್ಷ ಯುವಾನ್ ಮುಟ್ಟಿತ್ತು. ಕೊರತೆ ಇನ್ನೂ ವರ್ಷಗಟ್ಟಲೆ ನೀಗದು ಎಂದು ಷೇರು ದಲ್ಲಾಳಿ ಸಂಸ್ಥೆಗಳ (ಬ್ರೋಕರೇಜ್) ಅನೇಕ ವರದಿಗಳು ಹೇಳುತ್ತಿದ್ದವು. ಅದನ್ನು ನೆಚ್ಚಿ ಗಣಿ ಷೇರುಗಳಿಗೆ ಉಳಿತಾಯದ ಹಣ ಹಾಕಿದವರು ಬಹಳ ಮಂದಿ. 2023 ಮುಗಿಯುವಷ್ಟರಲ್ಲಿ ಬೆಲೆ 1 ಲಕ್ಷದ ಆಸುಪಾಸಿಗೆ ಕುಸಿಯಿತು. ಲೋಹದ ಬೆಲೆಯ ಅಂದಾಜನ್ನೂ, ಷೇರು ಎಲ್ಲಿಗೆ ಮುಟ್ಟೀತು ಎಂಬ ಅಂದಾಜನ್ನೂ (ಟಾರ್ಗೆಟ್ ಬೆಲೆ) ವಿಶ್ಲೇಷಕರು ಇಳಿಸಿದರು ನಿಜ, ಆದರೆ ಹೆಚ್ಚಿನ ಸಲ ಷೇರು ಬಿದ್ದ ಮೇಲೆ.

ಇದು ಮೊದಲ ಸಲವಲ್ಲ. 2011ರ ಆರಂಭದಲ್ಲಿ ಟನ್ನಿಗೆ 190 ಡಾಲರ್ ಸಮೀಪವಿದ್ದ ಕಬ್ಬಿಣದ ಅದಿರು 2015ರ ಡಿಸೆಂಬರ್‌ನಲ್ಲಿ 40ಕ್ಕಿಂತ ಕೆಳಗೆ ಹೋಯಿತು. ಬೆಲೆ ಏರಿದಾಗ ಹೊಸ ಗಣಿಗಳು ಬಾಯಿ ತೆರೆಯುತ್ತವೆ, ಪೂರೈಕೆ ಹೆಚ್ಚಿ ಬೆಲೆ ಬೀಳುತ್ತದೆ. ಲಿಥಿಯಂ ವಿಷಯದಲ್ಲಿ ಜಿಂಬಾಬ್ವೆಯ ಅದಿರು, ಚೀನಾದ ಲೆಪಿಡೊಲೈಟ್ (ಲಿಥಿಯಂ ಇರುವ ಒಂದು ಖನಿಜ) ಹಾಗೆ ಬಂದವು. ವಿಶ್ಲೇಷಕರ ಲೆಕ್ಕ ಎಡವುವುದು ಹೆಚ್ಚಾಗಿ ಇಲ್ಲಿಯೇ.

ಬೆಲೆಯ ಅಂದಾಜು ಶೇ 10ರಷ್ಟು ತಪ್ಪಿದರೆ ಏನು ಮಹಾ ಎನಿಸಬಹುದು. ತಾಮ್ರ ಟನ್ನಿಗೆ 9,000 ಡಾಲರ್, ಗಣಿಯ ಒಟ್ಟು ಖರ್ಚು 7,000 ಎಂದುಕೊಳ್ಳಿ. ಉಳಿಯುವುದು 2,000. ಬೆಲೆ 8,100ಕ್ಕೆ ಇಳಿದರೆ ಉಳಿಯುವುದು 1,100 ಮಾತ್ರ. ಲಾಭದಲ್ಲಿ ಶೇ 45 ಹೋಯಿತು. ಖರ್ಚು ಹೆಚ್ಚಿರುವ ಗಣಿಯಾದರೆ ಪೂರ್ತಿಯೇ ಹೋಗುತ್ತದೆ.

ಹಾಗಾಗಿ ಟಾರ್ಗೆಟ್ ಬೆಲೆಯನ್ನು ಬಿಟ್ಟು, ಸಾಮಾನ್ಯವಾಗಿ ವರದಿಯ ಕೊನೆಯ ಪುಟಗಳಲ್ಲಿರುವ ಲೋಹದ ಬೆಲೆಯ ಅಂದಾಜಿನ ಕೋಷ್ಟಕ ಹುಡುಕಿ. ಮುಂದಿನ ಮೂರು ವರ್ಷಕ್ಕೆ ಎಷ್ಟು ಹಿಡಿದಿದ್ದಾರೆ, ಆಮೇಲಿನ ದೀರ್ಘಾವಧಿ ಬೆಲೆ ಎಷ್ಟು, ಅದು ಇಂದಿನ ಹಣದ ಲೆಕ್ಕವೋ ಹಣದುಬ್ಬರ ಸೇರಿಸಿದ್ದೋ ನೋಡಿ. ನಂತರ ಎಲ್ಲ ವರ್ಷಗಳಿಗೂ ಇಂದಿನ ಮಾರುಕಟ್ಟೆ ಬೆಲೆಯನ್ನೇ ಹಾಕಿ ಲಾಭದ ಲೆಕ್ಕ ಮಾಡಿ. ಮತ್ತೊಮ್ಮೆ ಅದಕ್ಕಿಂತ ಶೇ 20 ಕಡಿಮೆ ಹಾಕಿ ನೋಡಿ. ಕಂಪನಿಯ ಕಾರ್ಯಸಾಧ್ಯತಾ ವರದಿಯಲ್ಲಿ (ಗಣಿ ಲಾಭ ತರುವುದೇ ಎಂದು ಪರಿಶೀಲಿಸುವ ವರದಿ) ಇಂಥ ಲೆಕ್ಕ ಸಿದ್ಧವಾಗಿಯೇ ಸಿಗುವುದುಂಟು.

ಅದಿರಿನ ಗುಣಮಟ್ಟವನ್ನೂ ಮರೆಯಬೇಡಿ. ಕಬ್ಬಿಣದ ಅದಿರಿನಲ್ಲಿ ಸಾಮಾನ್ಯವಾಗಿ ಪ್ರಕಟವಾಗುವ ಬೆಲೆ ಶೇ 61–62 ಕಬ್ಬಿಣಾಂಶದ್ದು. ಶೇ 58ರ ಅದಿರಿಗೆ ಕಡಿತವಿದೆ, ಮಾರುಕಟ್ಟೆ ಕೆಟ್ಟಾಗ ಆ ಕಡಿತ ಇನ್ನೂ ಹಿಗ್ಗಬಹುದು.

ಇನ್ನೊಂದು ಸೂಕ್ಷ್ಮವಿದೆ. ಲೋಹದ ಬೆಲೆಯ ಅಂದಾಜು ಇಳಿಸಿದರೂ ಟಾರ್ಗೆಟ್ ಕದಲದಿದ್ದರೆ ಹಳೆಯ ವರದಿಯನ್ನು ಪಕ್ಕಕ್ಕಿಟ್ಟು ಹೋಲಿಸಿ. ಗಣಿಯ ನಿವ್ವಳ ಮೌಲ್ಯವನ್ನು (ಮುಂದಿನ ಗಳಿಕೆಯ ಇಂದಿನ ಬೆಲೆ, ಸಾಲ ಕಳೆದು) ಟಾರ್ಗೆಟ್ ತೆಗೆಯಲು ಗುಣಿಸುವ ಅಂಕಿ 0.8ರಿಂದ 1ಕ್ಕೆ ಏರಿರಬಹುದು. ಸಣ್ಣ ಅಕ್ಷರದ ಘೋಷಣೆಯನ್ನೂ ಓದಿ: ಅದೇ ಬ್ರೋಕರೇಜ್ ಕಳೆದ 12 ತಿಂಗಳಲ್ಲಿ ಆ ಕಂಪನಿಗೆ ಬಂಡವಾಳ ಎತ್ತಿಕೊಟ್ಟು ಶುಲ್ಕ ಪಡೆದಿದ್ದರೆ ಅಲ್ಲಿ ಬರೆದಿರುತ್ತದೆ.

ಕೊನೆಗೆ ಸಾಲ. ಶೇ 20 ಕಡಿಮೆ ಬೆಲೆಯಲ್ಲಿ ಮುಂದಿನ ಎರಡು ವರ್ಷದ ಕಂತು ಕಟ್ಟಲಾಗದ ಕಂಪನಿ ಅಗ್ಗದ ದರಕ್ಕೆ ಹೊಸ ಷೇರು ಬಿಡಬೇಕಾಗಬಹುದು. ಹಾಗಾದರೆ ಆಮೇಲೆ ಲೋಹದ ಬೆಲೆ ಚೇತರಿಸಿಕೊಂಡರೂ ಹಳೆಯ ಷೇರುದಾರರ ಪಾಲು ಕರಗಿಯೇ ಇರುತ್ತದೆ.