ಬ್ಲೂಟೂತ್ ತೂಕದ ಮಷೀನ್ ರಿವ್ಯೂ: ತೂಕ ಸರಿಯಾಗಿ ಹೇಳತ್ತೆ, ಬೊಜ್ಜಿನ ಲೆಕ್ಕಕ್ಕೆ ಟೇಪ್ ತಗೊಳ್ಳಿ

ಮೊದಲೇ ಹೇಳ್ಬಿಡ್ತೀನಿ, ಬರೀ ತೂಕ ನೋಡೋಕೆ ಅಂತಾದ್ರೆ ಈ ಮಷೀನ್ ಚೆನ್ನಾಗಿದೆ, ಧೈರ್ಯವಾಗಿ ತಗೊಳ್ಳಿ. ಆದ್ರೆ ಡಬ್ಬದ ಮೇಲೆ ದೊಡ್ಡದಾಗಿ ಪ್ರಿಂಟ್ ಮಾಡಿರೋ ಬಾಡಿ ಫ್ಯಾಟ್ (ಮೈಯಲ್ಲಿರೋ ಕೊಬ್ಬು), ವಿಸರಲ್ ಫ್ಯಾಟ್ (ಹೊಟ್ಟೆ ಒಳಗಿನ ಕೊಬ್ಬು), ಮೆಟಬಾಲಿಕ್ ಏಜ್ ಇವನ್ನೆಲ್ಲ ನೋಡಿ ಜಾಸ್ತಿ ದುಡ್ಡು ಕೊಡೋಕೆ ಹೊರಟಿದ್ರೆ ಒಂಚೂರು ತಡೀರಿ, ಇದನ್ನ ಪೂರ್ತಿ ಓದಿ ಆಮೇಲೆ ಆರ್ಡರ್ ಮಾಡಿ. ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಒಂದೂವರೆ ಸಾವಿರದಿಂದ ಎರಡೂವರೆ ಸಾವಿರದೊಳಗೆ ಬರೋ ಈ ಗಾಜಿನ ಮಷೀನ್‌ಗಳೆಲ್ಲ ಒಳಗಡೆ ಹೆಚ್ಚುಕಮ್ಮಿ ಒಂದೇ ತರ, ಮೇಲಿನ ಸ್ಟಿಕ್ಕರ್ ಬೇರೆ ಆ್ಯಪ್ ಬೇರೆ ಅಷ್ಟೇ.

ಇದನ್ನ ನಾವು ತಗೊಂಡಿದ್ದು ಕೋವಿಡ್ ಕಾರಣಕ್ಕೆ. 2021ರ ಎರಡನೇ ಅಲೆ ಟೈಮಲ್ಲಿ ನಮ್ಮ ಭಾವ ಆಸ್ಪತ್ರೆ ಸೇರಿದ್ರು, ನಲವತ್ತರ ಆಸುಪಾಸು ವಯಸ್ಸು, ಶುಗರ್ ಇಲ್ಲ ಬಿಪಿ ಇಲ್ಲ, ಒಂದು ಮಾತ್ರೆ ನುಂಗದ ಮನುಷ್ಯ, ಹೊಟ್ಟೆ ಮಾತ್ರ ಚೆನ್ನಾಗೇ ಬಂದಿತ್ತು. ಅಡ್ಮಿಟ್ ಮಾಡ್ಕೊಂಡ ಡಾಕ್ಟರು ಫೋನಲ್ಲಿ ಮೊದ್ಲು ಕೇಳಿದ್ದೇ ತೂಕ ಎಷ್ಟು ಎತ್ತರ ಎಷ್ಟು ಅಂತ, ಮನೇಲಿ ಒಬ್ಬರಿಗೂ ಗೊತ್ತಿಲ್ಲ. ಆಕ್ಸಿಜನ್ ಹಾಕಿ ದಿನಕ್ಕೆ ಎಷ್ಟೋ ಗಂಟೆ ಬೋರಲು ಮಲಗಿಸಿದ್ರು, ಅಂತೂ ಉಳ್ಕೊಂಡು ಮನೆಗೆ ಬಂದ್ರು. ಅವರು ಬಂದ ಮೇಲೆ ಅಕ್ಕ ಆರ್ಡರ್ ಮಾಡಿದ ಮೊದಲನೇ ವಸ್ತು ಆಕ್ಸಿಮೀಟರ್ ಅಲ್ಲ, ಈ ಮಷೀನ್. ಅವಳ ಮನೇದು ನೋಡಿ ನಾವೂ ತಗೊಂಡ್ವಿ, ಈಗ್ಲೂ ಎರಡೂ ಮನೇಲಿ ಓಡ್ತಿದೆ.

ಡಾಕ್ಟರು ತೂಕ ಯಾಕೆ ಕೇಳ್ತಾರೆ ಅನ್ನೋದು ಗೊತ್ತಾದ್ರೆ ಈ ಮಷೀನಿಂದ ಏನು ಬೇಕು ಏನು ಬೇಡ ಅನ್ನೋದೂ ಗೊತ್ತಾಗತ್ತೆ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ. ಹೊಟ್ಟೆ ಒಳಗಡೆ ಕೊಬ್ಬು ತುಂಬಿದ್ರೆ ಅದು ವಪೆಯನ್ನ, ಅಂದ್ರೆ ಎದೆಗೂ ಹೊಟ್ಟೆಗೂ ಮಧ್ಯ ಇರೋ ಉಸಿರಾಟದ ಮಾಂಸದ ಪದರನ್ನ, ಮೇಲಕ್ಕೆ ಒತ್ತತ್ತೆ. ಆಗ ಶ್ವಾಸಕೋಶದ ಕೆಳಭಾಗ ಪೂರ್ತಿ ಬಿಚ್ಚಿಕೊಳ್ಳಲ್ಲ, ಅಂಗಾತ ಮಲಗಿದ್ರೆ ಇನ್ನೂ ಜಾಸ್ತಿ ಮುದುಡಿಕೊಳ್ಳತ್ತೆ. ಆರೋಗ್ಯವಾಗಿರೋವಾಗ ಇದು ನಮಗೆ ತಿಳಿಯೋದೇ ಇಲ್ಲ, ಮಹಡಿ ಹತ್ತುವಾಗ ಒಂದಿಷ್ಟು ಏದುಸಿರು ಬರತ್ತೆ ಅಷ್ಟೇ. ನ್ಯುಮೋನಿಯಾ ಬಂದು ಇರೋ ಜಾಗದಲ್ಲೂ ಅರ್ಧ ಹೋದಾಗ ಮಾತ್ರ ಹೆಚ್ಚುವರಿ ಅಂತ ಏನೂ ಉಳಿದಿರಲ್ಲ. ಬೋರಲು ಮಲಗಿಸೋದರಿಂದ ಬೆನ್ನಿನ ಕಡೆ ಮುದುಡಿರೋ ಭಾಗ ಬಿಚ್ಚಿಕೊಳ್ಳತ್ತೆ, ಆಕ್ಸಿಜನ್ ಏರತ್ತೆ. ಆದ್ರೆ ನೂರು ಕೆಜಿ ಮನುಷ್ಯನನ್ನ ಪಿಪಿಇ ಕಿಟ್ ಹಾಕ್ಕೊಂಡು ತಿರುಗಿಸಿ ಮಲಗಿಸೋಕೆ ಎಷ್ಟು ಜನ ಬೇಕು ಯೋಚಿಸಿ, ಆ ನರ್ಸ್‌ಗಳಿಗೆ ವಾರ್ಡ್ ಬಾಯ್‌ಗಳಿಗೆ ಎಷ್ಟು ಕೈ ಮುಗಿದ್ರೂ ಸಾಲಲ್ಲ.

ಎರಡನೇದು, ಆ ಕೊಬ್ಬು ಸುಮ್ನೆ ಕೂತಿರೋ ಸರಕಲ್ಲ. ಅದರಿಂದ ಉರಿಯೂತ ಉಂಟುಮಾಡೋ ರಾಸಾಯನಿಕಗಳು ಯಾವಾಗ್ಲೂ ರಕ್ತಕ್ಕೆ ಸೇರ್ತಾನೇ ಇರ್ತವೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ರಕ್ತ ಹೆಪ್ಪುಗಟ್ಟೋದೂ ಜಾಸ್ತಿ. ಕೋವಿಡ್‌ನಲ್ಲಿ ಜನ ಹೋಗಿದ್ದೇ ಉರಿಯೂತ ಮತ್ತೆ ಹೆಪ್ಪುಗಟ್ಟೋದು ಇವೆರಡು ಕೈಮೀರಿದಾಗ, ಬೊಜ್ಜಿರೋರಲ್ಲಿ ಅವೆರಡಕ್ಕೂ ಮೊದಲೇ ಅರ್ಧ ತಯಾರಿ ಆಗಿರತ್ತೆ. ಇದು ಕೋವಿಡ್‌ಗೆ ಮಾತ್ರ ಸೀಮಿತನೂ ಅಲ್ಲ, 2009ರ ಎಚ್1ಎನ್1 ಹಂದಿಜ್ವರ ಬಂದಾಗ್ಲೇ ಐಸಿಯುಗಳಲ್ಲಿ ತೂಕ ಜಾಸ್ತಿ ಇರೋರು ಎದ್ದು ಕಾಣ್ತಿದ್ರು ಅಂತ ಡಾಕ್ಟರುಗಳು ಗಮನಿಸಿದ್ರು.

ಅಂಕಿ ಕೇಳೋರಿಗೆ ಹೇಳ್ತೀನಿ. 2020ರ ಜುಲೈನಲ್ಲಿ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಅನ್ನೋ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಒಂದು ವರದಿ ಬಿಟ್ಟಿತು, ಬಿಎಂಐ (ಎತ್ತರಕ್ಕೆ ಹೋಲಿಸಿದ್ರೆ ತೂಕ ಎಷ್ಟು ಅಂತ ಹೇಳೋ ಅಂಕಿ) 35ರಿಂದ 40 ಇರೋರಿಗೆ ಕೋವಿಡ್‌ನಿಂದ ಸಾಯೋ ಅಪಾಯ ಬೊಜ್ಜಿಲ್ಲದವರಿಗಿಂತ 40 ಪರ್ಸೆಂಟ್ ಜಾಸ್ತಿ ಇರಬಹುದು, 40 ದಾಟಿದವರಿಗೆ 90 ಪರ್ಸೆಂಟ್ ಅಂತ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಮಾರ್ಚಲ್ಲಿ ಹೇಳಿದ್ದು ಅಲ್ಲಿ ಆಸ್ಪತ್ರೆ ಸೇರಿದವರಲ್ಲಿ ಸುಮಾರು 78 ಪರ್ಸೆಂಟ್ ಜನ ತೂಕ ಜಾಸ್ತಿ ಇರೋರು ಇಲ್ಲಾ ಬೊಜ್ಜಿರೋರು. ಈ 78 ಅನ್ನೋದನ್ನ ವಾಟ್ಸಾಪ್‌ನಲ್ಲಿ ಹೆದರಿಸೋಕೆ ಕಳಿಸ್ತಿದ್ರು, ಆದ್ರೆ ಅಲ್ಲಿ ದೊಡ್ಡವರಲ್ಲಿ ನಾಲ್ಕಕ್ಕೆ ಹತ್ತಿರಹತ್ತಿರ ಮೂರು ಜನದ ತೂಕ ಮೊದಲಿಂದ್ಲೂ ಜಾಸ್ತಿನೇ, ಹಾಗಾಗಿ ಆ ಅಂಕಿಯೊಂದನ್ನೇ ಹಿಡ್ಕೊಂಡು ಏನೂ ಹೇಳೋಕಾಗಲ್ಲ, ತೂಕ ಏರಿದಷ್ಟೂ ಐಸಿಯು ಮತ್ತೆ ಸಾವಿನ ಅಪಾಯ ಏರತ್ತೆ ಅನ್ನೋದೇ ಅದರಲ್ಲಿ ನಿಜವಾಗಿ ನೋಡಬೇಕಾದ್ದು. ವಯಸ್ಸು ಕಮ್ಮಿ ಇರೋರಲ್ಲಿ ಈ ಸಂಬಂಧ ಇನ್ನೂ ಗಟ್ಟಿ. ಬ್ರಿಟನ್‌ನಲ್ಲಿ ಬಿಎಂಐ 40 ದಾಟಿದವರನ್ನ ವ್ಯಾಕ್ಸಿನ್ ಆದ್ಯತೆ ಪಟ್ಟಿಗೆ ಹಾಕಿದ್ರು, ನಮ್ಮಲ್ಲಿ 2021ರ ಮಾರ್ಚಲ್ಲಿ 45ರಿಂದ 59 ವಯಸ್ಸಿನವರಿಗೆ ಅಂತ ಮಾಡಿದ 20 ಕಾಯಿಲೆಗಳ ಪಟ್ಟೀಲಿ ಬೊಜ್ಜು ಇರಲೇ ಇಲ್ಲ. ನನಗೆ ಇದು ಈಗ್ಲೂ ಬೇಜಾರು, ಭಾವನ ತರ ಬೇರೆ ಯಾವ ಕಾಯಿಲೆನೂ ಇಲ್ಲದ ದಪ್ಪ ಜನ ನಮಗೇನಾಗತ್ತೆ ಅಂತ ಓಡಾಡ್ಕೊಂಡಿದ್ರು, ಅವರಿಗೆ ಯಾರೂ ಹೇಳ್ಲಿಲ್ಲ.

ಈಗ ಮಷೀನ್ ವಿಷಯಕ್ಕೆ ಬರೋಣ. ನಾಲ್ಕು ಮೂಲೇಲಿ ನಾಲ್ಕು ಲೋಡ್ ಸೆಲ್ (ತೂಕ ಅಳೆಯೋ ಸೆನ್ಸರ್), ಮೇಲೆ ಗಾಜು, ನಾಲ್ಕು ಸಣ್ಣ ಬ್ಯಾಟರಿ ಹಾಕಿದ್ರೆ ತಿಂಗಳುಗಟ್ಟಲೆ ಓಡತ್ತೆ. ತೂಕ 100 ಗ್ರಾಂ ಲೆಕ್ಕದಲ್ಲಿ ತೋರ್ಸತ್ತೆ, ಸೀಲ್ ಮಾಡಿದ ಅಕ್ಕಿ ಚೀಲ ಇಟ್ಟು ನೋಡಿದ್ರೆ ಸರಿಯಾಗೇ ಬಂತು, ಮತ್ತೆ ಮತ್ತೆ ಹತ್ತಿ ಇಳಿದ್ರೂ ಅದೇ ತೂಕ. ಒಂದೇ ಒಂದು ಎಚ್ಚರ, ನೆಲ ಸಮ ಇರಬೇಕು. ಅಕ್ಕನ ಮನೆ ಟೈಲ್ಸ್ ಮೇಲೆ ತೊಂದ್ರೆ ಇಲ್ಲ, ಊರಲ್ಲಿ ಕಡಪ ಕಲ್ಲಿನ ಹಜಾರದಲ್ಲಿ ಇಟ್ರೆ ಒಂದು ಕಾಲು ಎತ್ತರ ಒಂದು ಕಾಲು ತಗ್ಗು, ಸುಮ್ನೆ ಏನೇನೋ ಬರತ್ತೆ, ಮೆತ್ತನೆ ಕಾರ್ಪೆಟ್ ಮೇಲಂತೂ ಇಡ್ಲೇಬೇಡಿ. ಬೆಳಿಗ್ಗೆ ಎದ್ದು ಬಾತ್ರೂಮಿಗೆ ಹೋಗಿ ಬಂದು ತಿಂಡಿಗೆ ಮುಂಚೆ ನೋಡಿದ್ರೆ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಹೋಲಿಸಬಹುದು. ಹಬ್ಬದ ಮಾರನೇ ದಿನ ಒಂದು ಕೆಜಿ ಏರಿದ್ರೆ ಅದು ಉಪ್ಪು ನೀರು, ಒಂದೇ ರಾತ್ರೀಲಿ ಒಂದು ಕೆಜಿ ಕೊಬ್ಬು ಸೇರಲ್ಲ, ಹೆದರಬೇಡಿ.

ಕೊಬ್ಬಿನ ಲೆಕ್ಕ ಇದಕ್ಕೆ ಹೇಗೆ ಬರತ್ತೆ ಗೊತ್ತಾ, ಗಾಜಿನ ಮೇಲಿರೋ ಲೋಹದ ಪಟ್ಟಿ ಮೇಲೆ ಬರಿಗಾಲಲ್ಲಿ ನಿಂತಾಗ ಒಂದು ಕಾಲಿಂದ ಇನ್ನೊಂದು ಕಾಲಿಗೆ ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಹರಿಸತ್ತೆ. ನೀರಿರೋ ಮಾಂಸದಲ್ಲಿ ಕರೆಂಟ್ ಸಲೀಸಾಗಿ ಹರಿಯತ್ತೆ, ಕೊಬ್ಬಲ್ಲಿ ತಡೆ ಜಾಸ್ತಿ. ಆದ್ರೆ ಕರೆಂಟ್ ಮುಖ್ಯವಾಗಿ ಹೋಗೋದು ಕಾಲುಗಳಲ್ಲಿ, ಹೊಟ್ಟೆ ಮೇಲ್ಭಾಗಕ್ಕೆ ಅದು ಸರಿಯಾಗಿ ತಲುಪೋದೇ ಇಲ್ಲ, ಉಳಿದಿದ್ದನ್ನ ಆ್ಯಪ್ ನಮ್ಮ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಅನ್ನೋದ್ರ ಮೇಲೆ ಸೂತ್ರ ಹಾಕಿ ಅಂದಾಜು ಮಾಡತ್ತೆ. ನಿಮ್ಮನೇಲಿ ಇದ್ರೆ ಇದನ್ನ ನೀವೇ ಪರೀಕ್ಷೆ ಮಾಡಬಹುದು: ಪ್ರೊಫೈಲ್‌ನಲ್ಲಿ ಹೆಣ್ಣು ಅಂತಿರೋದನ್ನ ಗಂಡು ಅಂತ ಮಾಡಿ ಮತ್ತೆ ಹತ್ತಿ. ನಾನು ಮಾಡಿ ನೋಡಿದೆ, ಅದೇ ದೇಹ, ಅದೇ ತೂಕ, ಐದು ನಿಮಿಷ ಕೂಡ ಆಗಿಲ್ಲ, ಕೊಬ್ಬಿನ ಪರ್ಸೆಂಟ್ ದಬಕ್ ಅಂತ ಇಳೀತು. ಅಥ್ಲೀಟ್ ಮೋಡ್ ಒತ್ತಿದ್ರೆ ಮತ್ತೂ ಇಳೀತು. ನೀರು ಕಮ್ಮಿ ಕುಡಿದ ದಿನ ಒಂದು, ಬಿಸಿನೀರು ಸ್ನಾನ ಆದ್ಮೇಲೆ ಇನ್ನೊಂದು. ವಿಸರಲ್ ಫ್ಯಾಟ್ ರೇಟಿಂಗ್ ಅಂತ ಒಂದು ಅಂಕಿ ಕೊಡ್ತಾರಲ್ಲ, ಕೋವಿಡ್ ಆದಾಗ ಮುಖ್ಯ ಆಗಿದ್ದೇ ಆ ಹೊಟ್ಟೆ ಒಳಗಿನ ಕೊಬ್ಬು, ಅದನ್ನೇ ಈ ಮಷೀನ್ ಅಳೆಯೋದಿಲ್ಲ, ಊಹೆ ಮಾಡತ್ತೆ. ಊಹೆ ಅಂತ ಡಬ್ಬದ ಮೇಲೆ ಎಲ್ಲೂ ಬರೆದಿಲ್ಲ, ನನ್ನ ದೊಡ್ಡ ತಕರಾರು ಇದೇ. ಜನ ಆ ಅಂಕಿ ನೋಡಿ ಸಮಾಧಾನ ಆಗ್ಬಿಡ್ತಾರೆ.

ಇನ್ನೊಂದು ತಕರಾರು ಬಿಎಂಐ ಬಣ್ಣದ್ದು. ಆ್ಯಪ್‌ನಲ್ಲಿ 25ರವರೆಗೂ ಹಸಿರು ಬರತ್ತೆ. ಅದು ಯುರೋಪಿನವರ ಲೆಕ್ಕ. ಭಾರತೀಯರಿಗೆ ನಮ್ಮ ಡಾಕ್ಟರುಗಳು 2009ರಲ್ಲೇ ಕೂತು ತೀರ್ಮಾನ ಮಾಡಿದ್ದು, 23 ದಾಟಿದ್ರೆ ತೂಕ ಜಾಸ್ತಿ, 25 ದಾಟಿದ್ರೆ ಬೊಜ್ಜು ಅಂತ. ಯಾಕಂದ್ರೆ ನಮ್ಮ ಮೈ ಕಟ್ಟು ಹಾಗಿದೆ, ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತೆ ಇಂಗ್ಲೆಂಡಿನ ಡಾಕ್ಟರ್ ಜಾನ್ ಯುಡ್ಕಿನ್ ಇಬ್ಬರೂ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ತಮ್ಮದೇ ಫೋಟೋ ಹಾಕ್ಕೊಂಡು ಇದನ್ನ ತೋರಿಸಿದ್ರು, ಇಬ್ಬರದ್ದೂ ಬಿಎಂಐ 22.3, ಒಂದೇ. ಆದ್ರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಪರ್ಸೆಂಟ್, ಯಾಜ್ಞಿಕ್ ಮೈಯಲ್ಲಿ 21.2. ಈ ಒಂದು ಉದಾಹರಣೆ ನಮ್ಮ ಆಫೀಸಲ್ಲಿ ಹೇಳಿದಾಗ "ನಾನು ನಾರ್ಮಲ್" ಅಂತಿದ್ದ ಅರ್ಧ ಜನ ಸುಮ್ನಾದ್ರು. ಬೆಂಗಳೂರಲ್ಲೋ ಮೈಸೂರಲ್ಲೋ ಮಾರೋ ಮಷೀನಿಗೆ ನಮ್ಮ ಲೆಕ್ಕದ ಬಣ್ಣ ಹಾಕೋದು ಕಂಪನಿಗೆ ಕಷ್ಟದ ಕೆಲಸ ಅಲ್ಲ. 23.5 ಇರೋ ಸಕ್ಕರೆ ಕಾಯಿಲೆ ಮನೆತನದ ಹುಡುಗನಿಗೆ ಹಸಿರು ತೋರಿಸೋದು ತಪ್ಪು.

ಹಾಗಾದ್ರೆ ಹೊಟ್ಟೆ ಅಳೆಯೋದು ಹೇಗೆ? ದರ್ಜಿ ಟೇಪ್, ಇಪ್ಪತ್ತು ಮೂವತ್ತು ರೂಪಾಯಿ. ನಿಂತ್ಕೊಂಡು ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆ ಮೇಲ್ತುದಿಗೂ ಮಧ್ಯ ಟೇಪ್ ಸುತ್ತಿ, ಬಟ್ಟೆ ಮೇಲಲ್ಲ, ಉಸಿರು ಸಹಜವಾಗಿ ಬಿಟ್ಟ ಮೇಲೆ ನೋಡಿ, ಹೊಟ್ಟೆ ಒಳಗೆ ಎಳ್ಕೋಬೇಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದು ದಾಟಿದ್ರೆ ಅಪಾಯ ಶುರು ಅಂತ ಲೆಕ್ಕ. ಪ್ಯಾಂಟ್ ಸೈಜ್ ನಂಬಬೇಡಿ, ಪ್ಯಾಂಟ್ ನಾವು ಹೊಟ್ಟೆ ಕೆಳಗೆ ಕಟ್ತೀವಿ. ಟೇಪೂ ಇಲ್ಲ ಅಂದ್ರೆ ನಿಮ್ಮ ಎತ್ತರದಷ್ಟು ದಾರ ತಗೊಂಡು ಅರ್ಧಕ್ಕೆ ಮಡಚಿ, ಆ ಮಡಚಿದ ದಾರ ಹೊಟ್ಟೆ ಸುತ್ತ ಬರಬೇಕು, ಬರದಿದ್ರೆ ಇಳಿಸೋ ಕೆಲಸ ಇದೆ ಅಂತ. ಊರಲ್ಲಿ ಅಮ್ಮನಿಗೆ, ದೊಡ್ಡಮ್ಮನಿಗೆ ಎಲ್ಲಾ ನಾನು ಮಾಡಿಸಿದ್ದು ಈ ದಾರದ್ದೇ, ಅವರಿಗೆ ಬಿಎಂಐ ಅಂದ್ರೆ ಬೇಡ, ದಾರ ಅಂದ್ರೆ ತಟ್ ಅಂತ ಅರ್ಥ ಆಗತ್ತೆ. 2023ರಲ್ಲಿ ಬಂದ, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಬಿಎಂಐ ಲೆಕ್ಕದ ಬೊಜ್ಜು 28.6 ಪರ್ಸೆಂಟ್, ಹೊಟ್ಟೆ ಬೊಜ್ಜು 39.5 ಪರ್ಸೆಂಟ್. ಅಂದ್ರೆ ತೂಕದ ಮಷೀನ್ ಹತ್ತಿ ಪಾಸಾಗಿ ಟೇಪಲ್ಲಿ ಫೇಲ್ ಆಗೋರು ಕೋಟಿಗಟ್ಟಲೆ ಇದಾರೆ.

ಆ್ಯಪ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಗ್ರಾಫ್ ಚೆನ್ನಾಗಿದೆ, ವಾರದ ಸರಾಸರಿ ತೋರ್ಸತ್ತೆ, ಅದು ಉಪಯೋಗ. ಪ್ರೀಮಿಯಂ ತಗೊಳ್ಳಿ ಅಂತ ದಿನಾ ಪೀಡಿಸತ್ತೆ, ನೋಟಿಫಿಕೇಶನ್ ಆಫ್ ಮಾಡಿ. ಫೋನ್ ನಂಬರ್, ಹುಟ್ಟಿದ ದಿನ, ಲೊಕೇಶನ್ ಎಲ್ಲಾ ಕೇಳತ್ತೆ, ತೂಕ ನೋಡೋಕೆ ಲೊಕೇಶನ್ ಯಾಕೆ ಬೇಕು ಅಂತ ನನಗೆ ಅರ್ಥ ಆಗಿಲ್ಲ. ಬ್ಲೂಟೂತ್ ಹಾಕದೆ ಸುಮ್ನೆ ಹತ್ತಿದ್ರೂ ಮಷೀನ್ ಮೇಲೆ ತೂಕ ಕಾಣತ್ತೆ, ಅಮ್ಮ ಹಾಗೇ ನೋಡಿ ಕ್ಯಾಲೆಂಡರ್ ಮೇಲೆ ಪೆನ್ನಲ್ಲಿ ಬರೀತಾರೆ, ಅಷ್ಟೇ ಸಾಕು.

ಒಂದು ವಿಷಯ ಮಾತ್ರ ಹೇಳ್ಲೇಬೇಕು, ಮಷೀನ್ ಎಲ್ಲಿ ಇಡ್ತೀರಿ ಅನ್ನೋದು. ದಯವಿಟ್ಟು ಹಾಲಲ್ಲಿ ಬಂದೋರ ಮುಂದೆ ಇಡಬೇಡಿ. ಬಂದ ನೆಂಟರೆಲ್ಲ ಒಬ್ಬೊಬ್ಬರಾಗಿ ಹತ್ತೋದು, ದಪ್ಪ ಇರೋ ಹುಡುಗಿಗೆ ನೀನೂ ಹತ್ತು ಅಂತ ಬಲವಂತ ಮಾಡೋದು, ಎಲ್ಲರೂ ನಗೋದು, ಇದನ್ನ ಕಣ್ಣಾರೆ ನೋಡಿದೀನಿ. ತೂಕ ಏರೋದು ಬರೀ ಸೋಮಾರಿತನದಿಂದ ಅಲ್ಲ, ಥೈರಾಯ್ಡ್ ಇರತ್ತೆ, ಪಿಸಿಓಡಿ ಇರತ್ತೆ, ಮನೆತನದ್ದಿರತ್ತೆ, ರಾತ್ರಿ ಪಾಳಿ ಕೆಲಸ ಇರತ್ತೆ. ಲಾಕ್‌ಡೌನಲ್ಲಿ ಪಾರ್ಕಿಗೆ ಬೀಗ, ಜಿಮ್ಮಿಗೆ ಬೀಗ, ಬೆಳಿಗ್ಗೆಯಿಂದ ರಾತ್ರಿವರೆಗೂ ಲ್ಯಾಪ್‌ಟಾಪ್ ಮುಂದೆ, ಕೋವಿಡ್ ಜೋರಾಗಿ ಬಂದೋರಿಗೆ ಕೊಟ್ಟ ಸ್ಟಿರಾಯ್ಡ್‌ನಿಂದ ಹಸಿವೂ ಶುಗರೂ ಎರಡೂ ಏರತ್ತೆ, ಭಾವನಿಗೂ ಹಾಗೇ ಆಯ್ತು. ಹೀಯಾಳಿಸಿದ್ರೆ ಆ ಮನುಷ್ಯ ತೂಕ ಇಳಿಸಲ್ಲ, ಡಾಕ್ಟರ ಹತ್ರ ಹೋಗೋದನ್ನೇ ಬಿಟ್ಬಿಡ್ತಾನೆ, ಜ್ವರ ಬಂದಾಗ್ಲೂ ತಡ ಮಾಡ್ತಾನೆ. ಸಾಂಕ್ರಾಮಿಕದ ಟೈಮಲ್ಲಿ ಆ ತಡ ಜೀವಕ್ಕೇ ಕುತ್ತು. ಮಷೀನ್ ರೂಮಲ್ಲಿಡಿ, ಅವರವರ ಅಂಕಿ ಅವರವರದ್ದು.

ಇಳಿಸಿದ್ರೆ ಪ್ರಯೋಜನ ಇದೆಯಾ ಅಂತ ಕೇಳೋರಿಗೆ, ಇದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಕೋವಿಡ್‌ಗೆ ಮುಂಚೆ ಆಪರೇಷನ್ ಮಾಡಿಸ್ಕೊಂಡು ತೂಕ ಇಳಿಸಿದ್ದೋರನ್ನ, ಮಾಡಿಸ್ಕೊಳ್ಳದ ಅದೇ ತರದ ಜನರ ಜೊತೆ ಹೋಲಿಸಿ ನೋಡಿದ್ರು, ಸೋಂಕು ಇಬ್ಬರಿಗೂ ಒಂದೇ ತರ ತಗುಲಿತ್ತು, ಆದ್ರೆ ಇಳಿಸಿದವರಲ್ಲಿ ಆಸ್ಪತ್ರೆ ಸೇರಿದ್ದು ಸುಮಾರು ಅರ್ಧದಷ್ಟು ಕಮ್ಮಿ. ಎಲ್ಲರೂ ಆಪರೇಷನ್ ಮಾಡಿಸ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಇರೋ ತೂಕದಲ್ಲಿ 5ರಿಂದ 10 ಪರ್ಸೆಂಟ್ ಇಳಿದ್ರೂ ಶುಗರ್ ಬಿಪಿ ಎರಡೂ ಸುಧಾರಿಸತ್ತೆ, 85 ಕೆಜಿ ಇರೋರಿಗೆ ಅದು ನಾಲ್ಕರಿಂದ ಎಂಟು ಕೆಜಿ. ಭಾವ ರಾತ್ರಿ ಅನ್ನ ಅರ್ಧ ಮಾಡಿ ಪಲ್ಯ, ಕಾಳು ಜಾಸ್ತಿ ಮಾಡ್ಕೊಂಡ್ರು, ಬೇಕರಿ ಪಫ್ ಬಿಟ್ರು, ದಿನಾ ನಡೀತಾರೆ. ನಿಧಾನವಾಗಿ ಇಳೀತು, ಟೇಪ್ ತೂಕಕ್ಕಿಂತ ಮುಂಚೆ ಇಳೀತು, ಇದು ಮುಖ್ಯ: ತೂಕ ಅಲ್ಲಾಡದೆ ನಿಂತ ವಾರಗಳಲ್ಲೂ ಸೊಂಟ ಕಮ್ಮಿ ಆಗ್ತಿತ್ತು, ಬರೀ ಮಷೀನ್ ನಂಬಿದ್ರೆ ಅವರು ಅಲ್ಲೇ ಕೈಚೆಲ್ಲಿ ಕೂರ್ತಿದ್ರು.

ಕೊಡೋ ಸ್ಟಾರ್ 5ಕ್ಕೆ 3. ತೂಕಕ್ಕೆ ಪೂರ್ತಿ ಮಾರ್ಕ್ಸು, ಕೊಬ್ಬಿನ ಅಂಕಿಗೆ ಕಟ್ ಮಾಡಿದೀನಿ. ಬಜೆಟ್ ಕಮ್ಮಿ ಇದ್ರೆ ಆ್ಯಪ್ ಇಲ್ಲದ ಸಾದಾ ಡಿಜಿಟಲ್ ಮಷೀನ್ ಆರೇಳುನೂರಕ್ಕೆ ಸಿಗತ್ತೆ, ಅದೂ ಟೇಪೂ ತಗೊಳ್ಳಿ. ಪೇಸ್‌ಮೇಕರ್ ಹಾಕಿರೋರು ಈ ಕರೆಂಟ್ ಹರಿಸೋ ಮಷೀನ್ ಹತ್ತಲೇಬಾರದು, ಬಸುರಿಯರಿಗೂ ಬೇಡ ಅಂತಾರೆ, ಮನೇಲಿ ಅಂಥವರಿದ್ರೆ ಸಾದಾದ್ದೇ ತರಿಸಿ. ಗಾಜಿನ ಮೇಲೆ ಒದ್ದೆ ಕಾಲಲ್ಲಿ ಹತ್ತಿದ್ರೆ ಜಾರತ್ತೆ, ವಯಸ್ಸಾದವರು ಗೋಡೆ ಹತ್ರ ಇಟ್ಕೊಂಡು ಹತ್ತಲಿ, ಹಿಡ್ಕೊಳ್ಳೋಕೆ ಆಸರೆ ಇರತ್ತೆ, ತೂಕ ಬರೋ ಒಂದು ಕ್ಷಣ ಮಾತ್ರ ಕೈ ಬಿಟ್ರೆ ಸಾಕು.