ಹಸಿ ಮಾಂಸದ ಪ್ಯಾಕೆಟ್: ದೊಡ್ಡ ನಾಯಿಗೆ ಸರಿ, ಮರಿಗೆ ನಾನು ಹಾಕುತ್ತಿಲ್ಲ

ನಮ್ಮ ಮುಧೋಳ ಹೆಣ್ಣುನಾಯಿಗೆ ಐದು ವರ್ಷ, ತೂಕ 22 ಕಿಲೋ. ಎರಡು ವರ್ಷಕ್ಕೂ ಮೇಲಾಯಿತು, ಮನೆಗೆ ತಂದುಕೊಡುವ ಫ್ರೋಜನ್ ಹಸಿ ಮಾಂಸದ ಪ್ಯಾಕೆಟ್ಟೇ ಅವಳ ಊಟ. ದಿನಕ್ಕೆ ಸುಮಾರು 550 ಗ್ರಾಂ, ಅಂದರೆ ತೂಕದ ಎರಡೂವರೆ ಪರ್ಸೆಂಟ್. ಅದರಲ್ಲಿ ಮಾಂಸವೇ ಜಾಸ್ತಿ. ಸುಮಾರು ಹತ್ತನೇ ಒಂದು ಪಾಲು ಮೂಳೆ, ಇನ್ನು ಸ್ವಲ್ಪ ಲಿವರ್, ಕಿಡ್ನಿ.

ಅವಳಿಗೆ ಇದು ಚೆನ್ನಾಗಿ ಒಗ್ಗಿದೆ. ಕಕ್ಕ ಗಟ್ಟಿಯಾಗಿದೆ, ಪ್ರಮಾಣವೂ ಕಡಿಮೆ. ಕೋಳಿ ಕತ್ತು ಕಡಿದು ಕಡಿದು ಹಲ್ಲಿನ ಹಳದಿ ಪದರ ಇಳಿದಿದೆ. ಕೂದಲಿನ ಹೊಳಪು ಮೊದಲೂ ಇತ್ತು, ಅದರ ಶ್ರೇಯ ಪ್ಯಾಕೆಟ್‌ಗೆ ಕೊಡಲಾರೆ. ಮೂಳೆ ಜಾಸ್ತಿ ಇರುವ ಪ್ಯಾಕೆಟ್ ಬಂದಾಗ ಕಕ್ಕ ಸುಣ್ಣದ ಹಾಗೆ ಬೆಳ್ಳಗಾಗಿ, ಹೊರಹಾಕಲು ಅವಳು ತಿಣುಕುತ್ತಾಳೆ. ಆಗ ಎರಡು ದಿನ ಮೂಳೆಯಿಲ್ಲದ ಖೀಮಾ ಕೊಡುತ್ತೇನೆ. ಹಾಂ, ಬೇಯಿಸಿದ ಮೂಳೆ ಮಾತ್ರ ಎಂದೂ ಹಾಕಬೇಡಿ. ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚಬಹುದು.

ಕಂಪನಿಯ ಮೇಲೆ ನನ್ನ ದೂರು ಎರಡು. ಬೇಸಿಗೆಯಲ್ಲಿ ಕೆಲವು ಸಲ ಪ್ಯಾಕೆಟ್ ಮೆತ್ತಗಾಗಿ ಬಂದಿದೆ. ವಾಪಸ್ ತೆಗೆದುಕೊಂಡರು, ನಿಜ, ಆದರೆ ನಾಯಿಗೆ ಆವತ್ತಿನ ಊಟ ಇಲ್ಲ ಅಲ್ವಾ? ಎರಡನೆಯದು ಇನ್ನೂ ದೊಡ್ಡದು. ಲೇಬಲ್ ಮೇಲೆ ಕ್ಯಾಲ್ಸಿಯಂ, ರಂಜಕ ಎಷ್ಟಿದೆ ಅಂತ ಬರೆದೇ ಇಲ್ಲ.

ನಮ್ಮ ಲ್ಯಾಬ್ರಡಾರ್ ಮರಿಗೆ ಈ ಪ್ಯಾಕೆಟ್ ಹಾಕದಿರುವುದು ಅದಕ್ಕೇ. ಅದರಲ್ಲಿ ಮೂಳೆ ಇದ್ದರೂ, ಮರಿಗೆ ಬೇಕಾದಷ್ಟು ಕ್ಯಾಲ್ಸಿಯಂ ಸಿಗುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಮಾಂಸದಲ್ಲಿ ರಂಜಕ ತುಂಬಾ, ಕ್ಯಾಲ್ಸಿಯಂ ಬಹಳ ಕಮ್ಮಿ. ಬರೀ ಮಾಂಸ ತಿನ್ನುವ ಮರಿಯ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಕಾಲು ಸೊಟ್ಟಗಾಗುತ್ತದೆ, ಸಣ್ಣ ಜಿಗಿತಕ್ಕೂ ಮೂಳೆ ಮುರಿಯಬಹುದು. ಹಾಗಂತ ಸುಮ್ನೆ ಕ್ಯಾಲ್ಸಿಯಂ ಪುಡಿ ಸುರಿಯುವುದೂ ಅಪಾಯ. ದೊಡ್ಡ ತಳಿಯ ಎಳೆ ಮರಿಗಳ ಕರುಳು ಹೆಚ್ಚಾದದ್ದನ್ನು ತಡೆಯುವುದಿಲ್ಲ, ಕೀಲುಗಳ ಬೆಳವಣಿಗೆ ಕೆಡುತ್ತದೆ. ಒಂದು ಪಾಲು ರಂಜಕಕ್ಕೆ ಸುಮಾರು 1.2 ಪಾಲು ಕ್ಯಾಲ್ಸಿಯಂ ಇರಬೇಕು. ಇದನ್ನು ಕಣ್ಣಳತೆಯಲ್ಲಿ ಮಾಡಲಾಗದು. 'ರಾಗಿ ಅಂಬಲಿ ಸೇರಿಸಿದರೆ ಆಯ್ತಲ್ಲ' ಅಂತ ನಮ್ಮತ್ತೆ ಹೇಳಿದರು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಜೊತೆಗೆ ರಂಜಕವೂ ಇದೆ, ಮಾಂಸದ ಕೊರತೆ ಅದರಿಂದ ತುಂಬುವುದಿಲ್ಲ. ಮರಿಗೆ ಸದ್ಯಕ್ಕೆ ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಒಣ ಆಹಾರ.

ಇನ್ನು ಸೋಂಕಿನ ವಿಷಯ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಿಂದ 2012ರವರೆಗೆ ಸಾಕುಪ್ರಾಣಿಗಳ 196 ಹಸಿ ಆಹಾರದ ಮಾದರಿಗಳನ್ನು ಪರೀಕ್ಷಿಸಿತ್ತು. 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕಿತು. ಫ್ರೀಜರ್‌ನಲ್ಲಿಟ್ಟರೆ ಈ ಬ್ಯಾಕ್ಟೀರಿಯಾ ಸಾಯುವುದಿಲ್ಲ. ನಾಯಿ ಆರಾಮಾಗಿದ್ದರೂ ಅದರ ಕಕ್ಕದಲ್ಲಿ ಹೊರಬರುತ್ತದೆ. ಹಾಗಾಗಿ ಪ್ಯಾಕೆಟ್ ಕರಗಿಸುವುದು ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ, ಮುಚ್ಚಿದ ಡಬ್ಬಿಯೊಳಗೆ. ನಾಯಿಯ ಬಟ್ಟಲು ನಮ್ಮ ಪಾತ್ರೆಗಳ ಜೊತೆ ತೊಳೆಯುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಮಾಂಸ ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಎಸೆಯುತ್ತೇನೆ, ದುಡ್ಡು ಹೋದರೂ ಸರಿ.

ಮನೆಯಲ್ಲಿ ಹಸುಗೂಸು, ಬಸುರಿ ಅಥವಾ ಕೀಮೋ ತೆಗೆದುಕೊಳ್ಳುತ್ತಿರುವವರು ಇದ್ದರೆ ಇದನ್ನು ತರಿಸಬೇಡಿ. ಆರೋಗ್ಯವಾಗಿರುವ ದೊಡ್ಡ ನಾಯಿಗಾದರೆ, ನಿಮ್ಮ ವೆಟ್ ಹತ್ತಿರ ಮಾತಾಡಿ ಶುರು ಮಾಡಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕ್ಯಾಲ್ಸಿಯಂ, ರಂಜಕದ ಅಂಕಿ ಲೇಬಲ್‌ಗೆ ಬಂದ ದಿನ ನಾಲ್ಕೂವರೆ ಮಾಡುತ್ತೇನೆ.