ಬೀದರ್ ಚಳಿಗೆ ಕಾರ್ನ್ ಸ್ನೇಕ್: ಮಲಗಿಸಬೇಕಾ, ಬಲ್ಬಾ, ಹೀಟ್ ಮ್ಯಾಟಾ?

ಮನೆಯಲ್ಲಿ ಸಾಕಿದ ಹಾವನ್ನು ಚಳಿಗಾಲ ದಾಟಿಸುವುದು ಹೇಗೆ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗಾಜಿನ ಪೆಟ್ಟಿಗೆಯ ತಳಕ್ಕೆ ಹೊರಗಿನಿಂದ ಹಾಕುವ, ಕರೆಂಟಿನಲ್ಲಿ ಕಾಯುವ ಹೀಟ್ ಮ್ಯಾಟಿಗೇ. ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಬಲ್ಬಿಗೆ ಸುರಿದ ದುಡ್ಡು ಅಟ್ಟದ ಮೇಲೆ ಧೂಳು ತಿನ್ನುತ್ತಿದೆ.

ಮಾತು ಅಮೆರಿಕ ಮೂಲದ, ವಿಷವಿಲ್ಲದ ಕಾರ್ನ್ ಸ್ನೇಕ್ ಬಗ್ಗೆ. ನಮ್ಮ ಕೇರೆ, ನಾಗರವನ್ನು ಮನೆಯಲ್ಲಿಟ್ಟರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು.

ಚಳಿಗೆ ಮಲಗಿಸುವುದು ಅಂದರೆ ಊಟ ನಿಲ್ಲಿಸಿ, ತಂಪಿನಲ್ಲಿಟ್ಟು ಮಂಪರಿಗೆ ಬಿಡುವುದು. ಅದಕ್ಕೆ ಖರ್ಚಿಲ್ಲ. ಮರಿ ಮಾಡಿಸುವವರು 10ರಿಂದ 15 ಡಿಗ್ರಿಯಲ್ಲಿ ಎರಡು ಮೂರು ತಿಂಗಳು ಇಡುತ್ತಾರೆ. ಹಾಗೆ ಮಲಗಿಸುವ ಎರಡು ವಾರ ಮುಂಚೆಯೇ ಊಟ ನಿಲ್ಲಿಸಬೇಕು, ಇಲ್ಲವಾದರೆ ತಂಪಿಗೆ ಜೀರ್ಣಶಕ್ತಿ ನಿಂತು ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯುತ್ತದೆ. ಆದರೆ ಬೀದರ್ ಚಳಿ ರಾತ್ರಿಯದು ಮಾತ್ರ. ಎಳ್ಳಮಾವಾಸ್ಯೆ ಹೊತ್ತಿಗೆ ಬೆಳಗಿನ ಜಾವ ಹತ್ತು ಹನ್ನೆರಡು ಡಿಗ್ರಿ, ಮಧ್ಯಾಹ್ನ 28ರ ಆಸುಪಾಸು. ಹಾವು ಅತ್ತ ನಿದ್ದೆಯಲ್ಲೂ ಇಲ್ಲ, ಇತ್ತ ಎಚ್ಚರದಲ್ಲೂ ಇಲ್ಲ. ಹಗಲು ತಿರುಗಾಡಿ ಮೈಯ ಕೊಬ್ಬು ಕರಗಿಸುತ್ತದೆ, ಉಣಿಸೋಣ ಅಂದರೆ ರಾತ್ರಿ ಅರಗುವುದಿಲ್ಲ. ಇಪ್ಪತ್ನಾಲ್ಕು ಗಂಟೆ ಒಂದೇ ತಂಪಿರುವ ಕೋಣೆ ನಮ್ಮ ಮನೆಯಲ್ಲಿಲ್ಲ. ಮರಿ ಮಾಡಿಸುವ ಉಮೇದೂ ನನಗಿಲ್ಲ.

ಬಾಲ್ ಪೈಥಾನ್ ಸಾಕಿದವರಿಗೆ ಮಲಗಿಸುವ ಮಾತೇ ಬೇಡ. ಆಫ್ರಿಕಾದ ಬಿಸಿ ನಾಡಿನ ಹಾವು ಅದು, ಚಳಿಯಲ್ಲಿ ಬಿಟ್ಟರೆ ಉಸಿರಾಟದ ಸೋಂಕು ತಗುಲಿ ಬಾಯಲ್ಲಿ ನೊರೆ ಬರುತ್ತದೆ.

ಸೆರಾಮಿಕ್ ಬಲ್ಬ್ ಗಾಳಿಯನ್ನು ಚೆನ್ನಾಗಿ ಬಿಸಿ ಮಾಡುತ್ತದೆ, ಸುಳ್ಳು ಹೇಳಬಾರದು. ಆದರೆ ಮೊದಲೇ ಒಣಗಿದ ಚಳಿಗಾಲದ ಗಾಳಿಯನ್ನು ಇನ್ನೂ ಒಣಗಿಸಿತು. ಪೊರೆ ಚೂರುಚೂರಾಗಿ ಬಿಟ್ಟಿತು, ಕಣ್ಣಿನ ಮೇಲಿನದು ಹಾಗೇ ಉಳಿಯಿತು. ಪಿಂಗಾಣಿ ಹೋಲ್ಡರ್, ಸುತ್ತ ಜಾಳಿಗೆ, ಎಲ್ಲ ಬೇರೆ ಖರ್ಚು. ನನ್ನದು 100 ವ್ಯಾಟ್: ಹತ್ತು ಗಂಟೆ ಉರಿದರೆ ಒಂದು ಯೂನಿಟ್. ಕರೆಂಟ್ ಹೋದ ರಾತ್ರಿ ಇನ್ವರ್ಟರ್ ಬ್ಯಾಟರಿಯನ್ನು ಅದೊಂದೇ ಕುಡಿದು ಮುಗಿಸುತ್ತದೆ.

ಮ್ಯಾಟ್ 14 ವ್ಯಾಟ್. ಬಿಸಿ ಮಿತಿ ಮುಟ್ಟಿದರೆ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಜೊತೆಗೇ ಹೈದರಾಬಾದಿನಿಂದ ತರಿಸಿದೆ. ತಲೆನೋವು ಅಂತ ಇದ್ದದ್ದು ಥರ್ಮೋಸ್ಟಾಟಿನ ಬಿಸಿ ಅಳೆಯುವ ಸೆನ್ಸರ್ ವೈರಿನದು.

ಸೆನ್ಸರನ್ನು ಪೆಟ್ಟಿಗೆಯೊಳಗೆ ಗಾಜಿಗೆ ಅಂಟಿಸಲು ರಬ್ಬರ್ ಬಿಲ್ಲೆ ಕೊಟ್ಟಿರುತ್ತಾರೆ. ಬಿಸಿಗೆ ಅದು ಸಡಿಲವಾಗುತ್ತದೆ, ಹಾವು ಮೂತಿಯಿಂದ ಒಂದು ಸಲ ತಳ್ಳಿದರೆ ಬಿತ್ತು. ಬೆಳಿಗ್ಗೆ ನೋಡಿದರೆ ಸೆನ್ಸರ್ ನೀರಿನ ಬಟ್ಟಲ ಪಕ್ಕ ತಣ್ಣಗೆ ಮಲಗಿತ್ತು. ಥರ್ಮೋಸ್ಟಾಟಿಗೆ ಲೋಕವೆಲ್ಲ ಚಳಿ, ಮ್ಯಾಟ್ ಬಿಡದೆ ಕಾಯುತ್ತಲೇ ಇತ್ತು. ಗಾಜು ಮುಟ್ಟಿದ ಕೈ ಹಿಂದಕ್ಕೆ ಬಂತು. ಹಾವು ಪುಣ್ಯಕ್ಕೆ ಇನ್ನೊಂದು ತುದಿಯಲ್ಲಿತ್ತು. ಒಳಗೆ ಟೇಪ್ ಹಚ್ಚುವ ಹಾಗಿಲ್ಲ, ಹಾವಿನ ಮೈಗೆ ಅಂಟಿದರೆ ಚರ್ಮವೇ ಕಿತ್ತು ಬರುತ್ತದೆ.

ಈಗ ಸೆನ್ಸರನ್ನು ಹೊರಗೇ, ಮ್ಯಾಟಿಗೂ ಗಾಜಿನ ತಳಕ್ಕೂ ನಡುವೆ ಸಿಕ್ಕಿಸಿದ್ದೇನೆ. ಅಲ್ಲಿ ಒಳಗಿಗಿಂತ ಬಿಸಿ ಹೆಚ್ಚು, ಹಾಗಾಗಿ ಒಳಗೆ ಬೇರೆ ಥರ್ಮಾಮೀಟರ್ ಇಟ್ಟು ತಾಳೆ ನೋಡಬೇಕು. ನನ್ನಲ್ಲಿ 32ಕ್ಕೆ ಇಟ್ಟರೆ ಒಳಗೆ 29 ಸಿಗುತ್ತದೆ.

ಮ್ಯಾಟ್ ಗಾಳಿಯನ್ನು ಬಿಸಿ ಮಾಡುವುದಿಲ್ಲ. ನಮ್ಮದು ಫರ್ಸಿ ನೆಲ, ಕಾಲಿಟ್ಟರೆ ಜುಮ್ಮೆನ್ನುತ್ತದೆ, ಅದಕ್ಕೆ ಪೆಟ್ಟಿಗೆಯನ್ನು ಮೇಜಿಗೇರಿಸಿ ಮೂರು ಕಡೆ ಥರ್ಮಾಕೋಲ್ ಕಟ್ಟಿದೆ. "ಹಾವಿಗೂ ಕೌದಿ ಹೊಚ್ಚತೀಯೇನೋ?" ಅಂದಳು ಅವ್ವ.

ದಿನವಿಡೀ ಆಫೀಸಿನಲ್ಲಿರುವ, ಬಿಲ್ ನೋಡಿ ಖರ್ಚು ಮಾಡುವ ನನ್ನಂಥವರಿಗೆ ಮ್ಯಾಟೇ ಸರಿ. ಸದ್ಯಕ್ಕೆ ಮ್ಯಾಟ್ ತಂದು ಥರ್ಮೋಸ್ಟಾಟ್ ಮುಂದಿನ ಸಂಬಳಕ್ಕೆ ನೋಡೋಣ ಅನ್ನುವವರು, ಎರಡನ್ನೂ ಮುಂದಿನ ಸಂಬಳಕ್ಕೇ ತನ್ನಿ.